ಮೂರನೇ ಪೆಟ್ಟಿಗೆಯ ಪ್ಲಗ್ಗು

ಫೆಬ್ರವರಿ 9, ಸೋಮವಾರ

ನಾನು ಶಾಲೆ ಬಿಟ್ಟದ್ದು ಗಣಿತಕ್ಕೆ ಹೆದರಿ ಅಲ್ಲ. ಇದನ್ನು ಇವತ್ತಿನವರೆಗೂ ಯಾರಿಗೂ ಹೇಳಿಲ್ಲ. ಮನೆಯಲ್ಲಿ ಎಲ್ಲರೂ ಹಾಗೆಂದೇ ನಂಬಿದ್ದಾರೆ, ನಾನೂ ಅಲ್ಲ ಎನ್ನಲಿಲ್ಲ. ಸುಳ್ಳು ಹೇಳಿಲ್ಲ; ಕೇಳಿದಾಗ ಬಾಯಿ ಬಿಡಲಿಲ್ಲ, ಅಷ್ಟೆ.

ಇವತ್ತು ಊಟಕ್ಕೆ ಕೂತಾಗ ಭಾವ ಮತ್ತೆ ಅದೇ ತಮಾಷೆ ತೆಗೆದರು. "ನಮ್ಮ ಪಟಾಕೀನ ಮಾತ್ರ ಎಷ್ಟು ತಟ್ಟೆ ಇಡ್ಬೇಕು ಅಂತ ಕೇಳ್ಬೇಡ್ರಪ್ಪ, ಲೆಕ್ಕ ಅಂದ್ರೆ ಎದ್ದು ಓಡ್ತಾಳೆ." ಅಕ್ಕ ನಕ್ಕಳು. ನಾನೂ ನಕ್ಕೆ. ಕೋಣೆಗೆ ಬಂದ ಮೇಲೆ ಮೈ ಉರಿಯತೊಡಗಿತು. ಅದಕ್ಕೇ ಬರೆಯುತ್ತಿದ್ದೇನೆ.

ನಡೆದದ್ದು ಇಷ್ಟು. ಗಣಿತದಲ್ಲಿ ನಾನೇ ಮುಂದಿದ್ದೆ. ಪರೀಕ್ಷೆಯ ಹಿಂದಿನ ದಿನ ಹೆಡ್‌ಮಾಸ್ಟರು ಕರೆದು, ನನ್ನ ಪಕ್ಕದಲ್ಲಿ ಕೂರುತ್ತಿದ್ದ ಹುಡುಗಿಯ ಹೆಸರಿನಲ್ಲಿ ನಾನು ಬರೆಯಬೇಕು ಎಂದರು. ಶಾಲೆಯ ಮಾನದ ಪ್ರಶ್ನೆಯಂತೆ. ಅವಳು ಅಲ್ಲೇ ಗೋಡೆಗೆ ಒರಗಿ ನಿಂತು ಕಣ್ಣು ಒರೆಸಿಕೊಳ್ಳುತ್ತಿದ್ದಳು. ನಾನು ಆಗಲ್ಲ ಎಂದೆ, ಗೇಟು ದಾಟಿದೆ, ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಹೊರಗೆ ಹೇಳಿದ್ದರೆ ಹೆಡ್‌ಮಾಸ್ಟರಿಗೆ ಏನೂ ಆಗುತ್ತಿರಲಿಲ್ಲ. ಅವಳ ಹೆಸರು ಮಾತ್ರ ಬೀದಿಗೆ ಬರುತ್ತಿತ್ತು.

ಆಮೇಲೆ ದರ್ಜಿ ಅಂಗಡಿ ಬಿಟ್ಟೆ, ಔಷಧಿ ಅಂಗಡಿ ಬಿಟ್ಟೆ. ಔಷಧಿ ಅಂಗಡಿಯವನು ಅವಧಿ ಮೀರಿದ ಮಾತ್ರೆಗಳ ಮೇಲಿನ ತಾರೀಖು ಉಜ್ಜಲು ನನ್ನ ಕೈಗೇ ಬಟ್ಟೆ ಕೊಟ್ಟಿದ್ದ. ಪ್ರತಿ ಸಲವೂ ಕಾರಣ ಇತ್ತು. ಆದರೆ ಮನೆಯಲ್ಲಿ ಉಳಿದದ್ದು ಒಂದೇ ಮಾತು: "ಇವಳು ಒಂದು ಕಡೆ ನಿಲ್ಲೋಳಲ್ಲ."

ಈಗಿನ ಕೆಲಸ ಭಾವ ಕೊಡಿಸಿದ್ದು. ಭಾವ ಲಿಫ್ಟ್ ಮೆಕ್ಯಾನಿಕ್. ನಾನೀಗ ಕೆಲಸ ಮಾಡುವ ಕಂಪನಿ ಇರುವ ಕಟ್ಟಡದ ಲಿಫ್ಟನ್ನು ಅವರೇ ನೋಡಿಕೊಳ್ಳುವುದು. ಮ್ಯಾನೇಜರ್ ಒಮ್ಮೆ ಲಿಫ್ಟಿನಲ್ಲಿ ಸಿಕ್ಕಿಕೊಂಡಾಗ ಹೊರಗೆಳೆದು, ಆ ಬಿಸಿಯಲ್ಲೇ ನನ್ನ ವಿಷಯ ಎತ್ತಿದರಂತೆ.

ಫೆಬ್ರವರಿ 11, ಬುಧವಾರ

ಇವತ್ತು ಒಂದು ವಿಚಿತ್ರ ನಡೆಯಿತು.

ನಾನಿರುವುದು ಟೆಸ್ಟ್ ಕೋಣೆಯಲ್ಲಿ. ಕಿಟಕಿ ಇಲ್ಲ. ಒಂದು ಗೋಡೆಗೆ ಕಬ್ಬಿಣದ ಶೆಲ್ಫು, ಅದರ ಮೇಲೆ ಸಾಲಾಗಿ ಪೆಟ್ಟಿಗೆಗಳು, ಪ್ರತಿಯೊಂದೂ ಊಟದ ಡಬ್ಬಿಯಷ್ಟು ದೊಡ್ಡದು. ಲಿಫ್ಟನ್ನು ನಡೆಸುವ ಕಂಪ್ಯೂಟರುಗಳು ಅವು. ಅವುಗಳ ಆಪರೇಟಿಂಗ್ ಸಿಸ್ಟಮ್ ಇಲ್ಲೇ ತಯಾರಾಗುವುದು. ಮೂಲೆಯಲ್ಲಿ ಬೀರುವಿನಂಥ ಒಂದು ದೊಡ್ಡ ಯಂತ್ರ ಹೂಂಗುಟ್ಟುತ್ತಿರುತ್ತದೆ. ಅದರಲ್ಲಿ ಒಂದು ಸ್ಕ್ರಿಪ್ಟ್ ಇದೆ, ಅಂದರೆ ಯಂತ್ರಕ್ಕೆ ಸಾಲುಸಾಲಾಗಿ ಬರೆದಿಟ್ಟ ಆದೇಶಗಳು. ನಾನು ಅದನ್ನು ಓಡಿಸಿದರೆ ಅದು ಟೆಸ್ಟುಗಳನ್ನು ಕಟ್ಟುತ್ತದೆ, ಪೆಟ್ಟಿಗೆಗಳ ಮೇಲೆ ಓಡಿಸುತ್ತದೆ, ಪರದೆಯ ಮೇಲೆ ಹಸಿರು ಅಥವಾ ಕೆಂಪು ಬರುತ್ತದೆ. ಪೆಟ್ಟಿಗೆ ಹಚ್ಚುವುದು, ಸಿಸ್ಟಮ್ ತುಂಬಿದ ಮೆಮೊರಿ ಕಾರ್ಡು ಬದಲಿಸುವುದು, ಕೊನೆಗೆ "ಸರಿ" ಎಂದು ಗುರುತು ಹಾಕುವುದು ನನ್ನ ಕೆಲಸ. ಸ್ಕ್ರಿಪ್ಟಿನ ಒಳಗೆ ಏನಿದೆಯೋ ನನಗೆ ಗೊತ್ತಿಲ್ಲ. ಮೇಡಂ ಹೇಳಿಕೊಡುವವರಲ್ಲ. ಅವರು ಹಿರಿಯ ಎಂಜಿನಿಯರ್, ದಿನಕ್ಕೆ ಆಡುವ ಮಾತು ಬೆರಳೆಣಿಕೆಯಷ್ಟು, ಅದರಲ್ಲಿ ಅರ್ಧ "ಬಾಗಿಲು ಹಾಕು."

ಕೋಣೆಯಲ್ಲಿ ಪ್ಲಗ್ಗುಗಳಿಗೆ ಬರ. ಚಹಾ ಕಾಯಿಸಬೇಕಾದರೆ ಮೂರನೇ ಪೆಟ್ಟಿಗೆಯ ಪ್ಲಗ್ಗು ಕಿತ್ತು ಕೆಟಲಿಗೆ ಕೊಡುವುದು ಇಲ್ಲಿನ ಪದ್ಧತಿ. ಎಲ್ಲರೂ ಹಾಗೇ ಮಾಡುತ್ತಾರೆ, ಮೇಡಂ ಕೂಡ. ಇವತ್ತು ನಾನು ಚಹಾ ಕುಡಿದು, ಮರೆತು, ಹಾಗೇ ಟೆಸ್ಟು ಓಡಿಸಿಬಿಟ್ಟೆ. ಮೂರನೆಯದು ಹೊಸ ಬಗೆಯ ಪೆಟ್ಟಿಗೆ, ಫ್ಯಾನಿಲ್ಲ, ಸದ್ದಿಲ್ಲ. ಪ್ಲಗ್ಗು ಕಂಡದ್ದು ಟೆಸ್ಟು ಮುಗಿದ ಮೇಲೆ.

ಪರದೆಯ ಮೇಲೆ ಮೂರನೇ ಪೆಟ್ಟಿಗೆ: ಎಲ್ಲ ಹಸಿರು. ಕೈಯಿಟ್ಟು ನೋಡಿದೆ. ನೆಲದಷ್ಟು ತಣ್ಣಗಿತ್ತು.

ಫೆಬ್ರವರಿ 12, ಗುರುವಾರ

ಹೊಸ ಪೆಟ್ಟಿಗೆಗಳ ಪ್ಲಗ್ಗುಗಳನ್ನೆಲ್ಲ ಕಿತ್ತು ಓಡಿಸಿದೆ. ಎಲ್ಲ ಹಸಿರು. ಒಂದು ಪೆಟ್ಟಿಗೆಯನ್ನು ಶೆಲ್ಫಿನಿಂದ ಇಳಿಸಿ ಕುರ್ಚಿಯ ಕೆಳಗಿಟ್ಟು ಓಡಿಸಿದೆ. ಅದೂ ಹಸಿರು.

ಮೇಡಂ ಹತ್ತಿರ ಹೋದೆ.

"ಕೇಬಲ್ ನೋಡಿದ್ಯಾ?"

"ಕೇಬಲ್ಲೇ ಇಲ್ಲ ಮೇಡಂ. ಪೆಟ್ಟಿಗೆ ಕುರ್ಚಿ ಕೆಳಗಿದೆ."

ಎದ್ದು ಬಂದರು. ಬಗ್ಗಿ ಕುರ್ಚಿಯ ಕೆಳಗೆ ನೋಡಿದರು. ಪರದೆ ನೋಡಿದರು. ಮತ್ತೆ ಬಗ್ಗಿದರು. ಮುಖದ ಬಣ್ಣ ಇಳಿಯಿತು. ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಹಾಗಾದರೆ ಇವರಿಗೆ ಮೊದಲೇ ಗೊತ್ತಿತ್ತು. ಎಲ್ಲರಿಗೂ ಗೊತ್ತಿದೆ. ನಾನೊಬ್ಬಳು ಇಷ್ಟು ದಿನ ಯಾವುದೋ ಸುಳ್ಳಿನ ಕೆಳಗೆ "ಸರಿ", "ಸರಿ" ಎಂದು ಗುರುತು ಹಾಕುತ್ತಾ ಕೂತಿದ್ದೆ. ಔಷಧಿ ಅಂಗಡಿಯವನಾದರೂ ಬಟ್ಟೆ ಕೊಟ್ಟು ಉಜ್ಜು ಎಂದಿದ್ದ. ಇವರು ಅದನ್ನೂ ಹೇಳಲಿಲ್ಲ.

ಫೆಬ್ರವರಿ 13, ಶುಕ್ರವಾರ

ಮ್ಯಾನೇಜರ್ ಹತ್ತಿರ ಹೋದೆ. ಅವರು ಫೋನಿನಿಂದ ಕಣ್ಣೆತ್ತದೆ ಕೇಳಿಸಿಕೊಂಡರು.

"ನೋಡಮ್ಮ, ಹಸಿರು ಬಂದಿದೆ ತಾನೆ?"

"ಪೆಟ್ಟಿಗೆ ಇಲ್ಲದೇನೂ ಬರುತ್ತೆ ಸರ್."

"ಅದನ್ನ ಮೇಡಂ ನೋಡ್ತಾರೆ. ನೀನು ಕೆಟಲ್ ನೋಡ್ಕೋ. ಹೊಸ ಪೆಟ್ಟಿಗೆಗಳ ಮೊದಲನೇ ಲಾಟ್ ಆಗ್ಲೇ ಹೋಗಿದೆ."

ಕೆಟಲ್ ನೋಡಿಕೋ! ಈ ಮನುಷ್ಯ ಲಿಫ್ಟಿನಲ್ಲಿ ಸಿಕ್ಕಿಕೊಂಡು ಬೆವರಿ ಒದ್ದೆಯಾಗಿ ಭಾವನ ತೋಳು ಹಿಡಿದು ಹೊರಬಂದವನು. ಇವನಿಗೇ ಇಷ್ಟು ಮರೆವು.

ಮನೆಗೆ ಬಂದರೆ ಭಾವ ಖುಷಿಯಲ್ಲಿ ಚೀಲ ತುಂಬುತ್ತಿದ್ದರು. ನದಿಯಾಚೆಯ ಊರಿನಲ್ಲಿ ಎಂಟು ಮಹಡಿಯ ವಸತಿ ಕಟ್ಟಡ, ನಾಲ್ಕು ಲಿಫ್ಟು, ಎಲ್ಲಕ್ಕೂ ಹೊಸ ಪೆಟ್ಟಿಗೆ ಕೂರಿಸುವ ಕೆಲಸ ಇವರಿಗೇ ಸಿಕ್ಕಿದೆ.

"ನಿಮ್ಮ ಕಂಪನಿ ಪೆಟ್ಟಿಗೇನೇ ಕಣೇ. ನೀನು ಸರಿ ಅಂದಿದ್ದೀಯಲ್ಲ, ಇನ್ನೇನು ಯೋಚನೆ?"

"ಭಾವ, ಪೆಟ್ಟಿಗೆ ಕೆಟ್ರೆ ಏನಾಗುತ್ತೆ?" ಎಂದೆ.

"ಬೀಳಲ್ಲ. ಬ್ರೇಕ್ ಬೇರೇನೇ ಇರುತ್ತೆ, ಅದು ಕಬ್ಬಿಣ, ಕಂಪ್ಯೂಟರ್ ಮಾತು ಕೇಳಲ್ಲ. ಯಾರೂ ಸಾಯಲ್ಲ. ಕತ್ತಲಲ್ಲಿ ನಿಂತ್ಕೋತಾರೆ, ಹೆದರ್ತಾರೆ."

ಹೆದರುತ್ತಾರೆ, ಅಷ್ಟೆ. ಜನರನ್ನು ಕತ್ತಲಲ್ಲಿ ಹೆದರಿಸಬಹುದು ಎಂದು ಯಾರು ಬರೆದುಕೊಟ್ಟಿದ್ದಾರೆ ಇವರಿಗೆ? ಭಾವನಿಗೆ ಎಲ್ಲ ಹೇಳಿದೆ. ಅವರು ಗಲ್ಲ ಕೆರೆದುಕೊಂಡರು. "ಖಚಿತವಾಗಿ ಗೊತ್ತಾ ನಿಂಗೆ, ಪೆಟ್ಟಿಗೆ ಕೆಟ್ಟಿದೆ ಅಂತ?"

ಇಲ್ಲ. ಕೆಟ್ಟಿದೆಯೋ ಚೆನ್ನಾಗಿದೆಯೋ ಯಾರಿಗೂ ಗೊತ್ತಿಲ್ಲ ಎಂಬುದಷ್ಟೇ ಗೊತ್ತು.

"ಹಾಗಾದ್ರೆ ನಾನು ಹೋಗ್ಲೇಬೇಕು. ಗೊತ್ತಾದ್ರೆ ಫೋನ್ ಮಾಡು."

ಫೆಬ್ರವರಿ 16, ಸೋಮವಾರ

ಮೇಡಂ ಬೆಳಿಗ್ಗೆಯೇ ಕರೆದರು. ಬೈಗುಳಕ್ಕೆ ಸಿದ್ಧವಾಗಿ ಹೋದೆ. "ಕೂತ್ಕೋ" ಎಂದರು. ಅವರ ಕೋಣೆಯಲ್ಲಿ ನಾನು ಕೂತದ್ದು ಇದೇ ಮೊದಲು.

ಪರದೆಯಲ್ಲಿ ಸ್ಕ್ರಿಪ್ಟ್ ಇತ್ತು. ಒಂದು ಸಾಲಿನ ಮೇಲೆ ಬೆರಳಿಟ್ಟರು.

"ಇದು ಏನು ಮಾಡುತ್ತೆ ಅಂದ್ರೆ, 'ನೀನು ಯಾವ ಬಗೆಯ ಪ್ರೊಸೆಸರ್' ಅಂತ ಕೇಳುತ್ತೆ. ಯಾರನ್ನ ಕೇಳುತ್ತೆ ಹೇಳು?"

"ಪೆಟ್ಟಿಗೇನ."

"ಅಲ್ಲ. ತಾನು ಎಲ್ಲಿ ನಿಂತಿದೆಯೋ ಆ ಯಂತ್ರಾನ. ಸ್ಕ್ರಿಪ್ಟ್ ನಿಂತಿರೋದು ಮೂಲೇಲಿರೋ ದೊಡ್ಡದರಲ್ಲಿ. ದೊಡ್ಡದು ತನ್ನ ಬಗೆ ಹೇಳುತ್ತೆ. ಓ, ಈ ಬಗೆ ಆದ್ರೆ ಇಲ್ಲೇ ಓಡಿಸಬಹುದಲ್ಲ ಅಂತ ಸ್ಕ್ರಿಪ್ಟು ಎಲ್ಲಾನೂ ಅದರಲ್ಲೇ ಓಡಿಸುತ್ತೆ. ಪೆಟ್ಟಿಗೆ ಕಡೆ ತಿರುಗಿ ಕೂಡ ನೋಡಲ್ಲ."

ಹಳೆಯ ಪೆಟ್ಟಿಗೆಗಳದೂ ದೊಡ್ಡದರದೂ ಒಂದೇ ಬಗೆಯ ಪ್ರೊಸೆಸರ್. ಇದನ್ನು ಕೇಳಿದರೂ ಒಂದೇ, ಅದನ್ನು ಕೇಳಿದರೂ ಒಂದೇ. ಹೊಸ ಪೆಟ್ಟಿಗೆ ಬೇರೆಯೇ ಬಗೆ. ಅದಕ್ಕೆ ಆಪರೇಟಿಂಗ್ ಸಿಸ್ಟಮ್ ಸರಿಯಾಗಿಯೇ ಬೇರೆ ಕಟ್ಟಿದ್ದಾರೆ. ಟೆಸ್ಟಿನ ಈ ಸಾಲನ್ನು ಮಾತ್ರ ಯಾರೂ ಮುಟ್ಟಲಿಲ್ಲ.

"ಇಂಥ ಸಾಲು ಬರೆದ ಪುಣ್ಯಾತ್ಮ ಯಾರು ಮೇಡಂ?" ಎಂದೆ, ಬೇಕೆಂದೇ ಜೋರಾಗಿ.

"ನಾನೇ. ಬರೆದಾಗ ಸರಿಯಾಗಿತ್ತು."

ಇನ್ನಷ್ಟು ಕೂಗಾಡಬೇಕೆಂದುಕೊಂಡಿದ್ದೆ. ಅವರು ಅಷ್ಟು ನೇರವಾಗಿ ಹೇಳಿದ್ದರಿಂದ ದನಿ ಇಳಿಸಿದೆ. ಹಾಗಿದ್ದರೆ ಗುರುವಾರ ಬಾಗಿಲು ಹಾಕಿಕೊಂಡದ್ದು ಯಾಕೆ ಎಂದು ಕೇಳಿದೆ. "ನಾಚಿಕೆ ಆಯ್ತು" ಎಂದರು.

ಸರಿಪಡಿಸಲು ಮ್ಯಾನೇಜರ್ ಸಮಯ ಕೊಡುತ್ತಿಲ್ಲವಂತೆ. ಸಮಯ ಕೊಡದಿರಲು ಇವನಪ್ಪನ ಮನೆಯ ಗಡಿಯಾರವೇ?

ಸಂಜೆ ಫೋನಿನಲ್ಲಿ ಭಾವನಿಗೆ ವಿವರಿಸಿದೆ. ಅವರು ಗಹಗಹಿಸಿ ನಕ್ಕರು. "ಅಂದ್ರೆ ತಮ್ಮನ ಪರೀಕ್ಷೇನ ಅಣ್ಣ ಹೋಗಿ ಬರೆದು ಬಂದ!" ನಾನು ಫೋನ್ ಇಟ್ಟುಬಿಟ್ಟೆ. ಎರಡು ಲಿಫ್ಟಿಗೆ ಆಗಲೇ ಪೆಟ್ಟಿಗೆ ಕೂರಿಸಿದ್ದಾರೆ.

ಫೆಬ್ರವರಿ 17, ಮಂಗಳವಾರ

ಎಂಥ ಕೆಲಸ ಮಾಡಿದೆ!

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಸ್ಕ್ರಿಪ್ಟ್ ತೆರೆದೆ. ದೊಡ್ಡದನ್ನು ಕೇಳುವ ಬದಲು ಪೆಟ್ಟಿಗೆಯನ್ನು ಕೇಳುವ ಹಾಗೆ ಆ ಸಾಲು ತಿದ್ದಿದೆ, ದೊಡ್ಡದರಲ್ಲೇ ಓಡಿಸು ಎನ್ನುವ ಸಾಲನ್ನು ಅಳಿಸಿದೆ. ಎಷ್ಟು ಸುಲಭ, ಇಷ್ಟಕ್ಕೆ ಇವರಿಗೆ ಸಮಯ ಬೇಕೇ ಎಂದುಕೊಂಡೆ. ಓಡಿಸಿದೆ. ಹಳೆಯವೆಲ್ಲ ಹಸಿರು, ಹೊಸವೆಲ್ಲ ಕೆಂಪು. ಒಂದೇ ಒಂದು ಟೆಸ್ಟೂ ದಾಟಲಿಲ್ಲ.

ನೇರ ಮ್ಯಾನೇಜರ್ ಕೋಣೆಗೆ ನುಗ್ಗಿದೆ. ಒಳಗೆ ಯಾರೋ ಗ್ರಾಹಕರು ಕೂತಿದ್ದರು. "ಹೊಸ ಪೆಟ್ಟಿಗೆ ಒಂದೂ ಕೆಲಸ ಮಾಡ್ತಿಲ್ಲ, ಎಲ್ಲಾ ಕೆಟ್ಟಿದೆ" ಎಂದು ಕೂಗಿದೆ.

ಮೇಡಂ ಬಂದು ನೋಡಿದರು. ನನ್ನ ಸಾಲು ಶೆಲ್ಫಿನ ಮೊದಲ ಪೆಟ್ಟಿಗೆಯನ್ನು ಮಾತ್ರ ಕೇಳಿ, ಅದರ ಉತ್ತರವನ್ನೇ ಉಳಿದ ಎಲ್ಲಕ್ಕೂ ಹಚ್ಚಿತ್ತು. ಮೊದಲನೆಯದು ಹಳೆಯ ಪೆಟ್ಟಿಗೆ. ಹಳೆಯ ಬಗೆಗೆ ಕಟ್ಟಿದ ಟೆಸ್ಟನ್ನು ಹೊಸದರ ಬಾಯಿಗೆ ತುರುಕಿದರೆ ಅದು ಉಗಿಯದೆ ಇನ್ನೇನು ಮಾಡೀತು? ಮೇಡಂ ಮಾಡಿದ ತಪ್ಪನ್ನೇ ನಾನೂ ಮಾಡಿದ್ದೆ. ಅವರದು ಒಂದು ಕಾಲಕ್ಕಾದರೂ ಸರಿಯಾಗಿತ್ತು. ನನ್ನದು ಹುಟ್ಟುವಾಗಲೇ ತಪ್ಪು.

ಮ್ಯಾನೇಜರ್ ಗ್ರಾಹಕರ ಮುಂದೆ ನಕ್ಕರು. "ಟೆಸ್ಟ್ ಕೋಣೇಲಿ ಕೆಟಲ್ ನೋಡ್ಕೊಳ್ಳೋ ಹುಡುಗಿ, ಬೇಜಾರು ಮಾಡ್ಕೋಬೇಡಿ."

ನಾನು ಸುಳ್ಳು ಹೇಳಿದೆ. ಗೊತ್ತಿಲ್ಲದೆ ಹೇಳಿದ್ದು, ಆದರೂ ಸುಳ್ಳೇ. ಚೀಲ ಹೆಗಲಿಗೆ ಹಾಕಿಕೊಂಡು ಹೊರಟೆ. ಬಾಗಿಲ ಹತ್ತಿರ ಇದ್ದಾಗ ಮೇಡಂ, ತಿರುಗದೆಯೇ, "ಹೋಗೋದಾದ್ರೆ ಹೋಗು. ಕೆಟಲ್ ತೆಗೆದು ಮೂರನೇದರ ಪ್ಲಗ್ ಹಾಕಿ ಹೋಗು. ನಂಗೆ ಆ ಪೆಟ್ಟಿಗೆ ಬೇಕು" ಎಂದರು.

ಪ್ಲಗ್ಗು ಹಾಕಿದೆ. ದೀಪ ಹತ್ತಿತು. ಅದು ಏಳುವುದಕ್ಕೆ ಸ್ವಲ್ಪ ಹೊತ್ತು ಬೇಕು, ನೋಡುತ್ತಾ ನಿಂತೆ. ಅಷ್ಟರಲ್ಲಿ ಮೇಡಂ ಇನ್ನೊಂದು ಕೇಬಲ್ ಕೇಳಿದರು.

ಫೆಬ್ರವರಿ 18, ಬುಧವಾರ

ಕೆಲಸ. ಬರೆಯಲು ಪುರುಸೊತ್ತಿಲ್ಲ. ಮ್ಯಾನೇಜರ್ ಎರಡು ಸಲ ಇಣುಕಿ ಹೋದರು. ಮೇಡಂ "ಬಾಗಿಲು ಹಾಕಿ" ಎಂದರು, ಅವರಿಗೇ.

ಫೆಬ್ರವರಿ 19, ಗುರುವಾರ

ಮೇಡಂ ಹೇಳುವುದೇನೆಂದರೆ, ಯಂತ್ರವನ್ನು ಕೇಳಿ ಊಹಿಸುವುದೇ ತಪ್ಪು. ಈ ಪೆಟ್ಟಿಗೆ ಈ ಬಗೆಯದು ಎಂದು ಓಡಿಸುವವರೇ ಸ್ಕ್ರಿಪ್ಟಿಗೆ ಹೇಳಬೇಕು. ಹೇಳದಿದ್ದರೆ ಅದು ಓಡಲೇ ಕೂಡದು, ನಿಂತು ಕೂಗಬೇಕು. ಜೊತೆಗೆ ಪೆಟ್ಟಿಗೆಯನ್ನೂ ಕೇಳಬೇಕು. ನಾವು ಹೇಳಿದ್ದಕ್ಕೂ ಅದು ಹೇಳಿದ್ದಕ್ಕೂ ತಾಳೆಯಾಗದಿದ್ದರೆ ಆಗಲೂ ಕೂಗಬೇಕು.

"ಕೂಗೋ ಸಾಲು ನೀನು ಬರಿ, ನಿಂಗೆ ಅಭ್ಯಾಸ ಇದೆ" ಎಂದರು. ಮುಖದಲ್ಲಿ ನಗು ಇರಲಿಲ್ಲ. ಆದರೂ ಅದು ತಮಾಷೆಯೇ ಇರಬೇಕು.

ಬರೆದೆ. ಬಗೆ ಹೇಳದೆ ಓಡಿಸಿದೆ. ಪರದೆಯ ಮೇಲೆ ನನ್ನ ಸಾಲು ಬಂತು: "ಯಾರನ್ನು ಪರೀಕ್ಷಿಸುತ್ತಿದ್ದೀರಿ? ಮೊದಲು ಹೇಳಿ." ಮೂರು ಸಲ ಬೇಕೆಂದೇ ಹಾಗೆ ಓಡಿಸಿದೆ.

ಆಮೇಲೆ ಸರಿಯಾಗಿ ಓಡಿಸಿದೆವು. ಹೊಸ ಪೆಟ್ಟಿಗೆ ಮೊದಲ ಸಲ ಬಿಸಿಯಾಯಿತು. ಹಿಂದೆ ಚಹಾ ಆರುವುದರೊಳಗೆ ಮುಗಿಯುತ್ತಿದ್ದ ಟೆಸ್ಟು ಇವತ್ತು ಮಧ್ಯಾಹ್ನವಿಡೀ ಎಳೆಯಿತು. ನಾವು ಕೈಕಟ್ಟಿ ನೋಡುತ್ತಾ ಕೂತಿದ್ದೆವು. ಒಂದೊಂದೇ ಹಸಿರು. ಕೊನೆಗೆ ಒಂದು ಕೆಂಪು.

ಕರೆಂಟು ಹೋಗಿ ಬಂದರೆ, ಲಿಫ್ಟು ಯಾವ ಮಹಡಿಯಲ್ಲಿತ್ತು ಎಂಬುದನ್ನು ಹೊಸ ಪೆಟ್ಟಿಗೆ ಮರೆಯುತ್ತದೆ. ಎಲ್ಲಿದ್ದರೂ ನೆಲಮಹಡಿ ಎಂದುಕೊಳ್ಳುತ್ತದೆ.

ನನ್ನ ಮಾತು ನಿಜವಾಯಿತು. ಖುಷಿಯಾಗಬೇಕಿತ್ತು. ಆಗಲಿಲ್ಲ. ನಮ್ಮ ಪೆಟ್ಟಿಗೆ ಪಾಪ, ಉಳಿದದ್ದೆಲ್ಲ ಚೆನ್ನಾಗಿ ಮಾಡಿತ್ತು.

ಫೆಬ್ರವರಿ 20, ಶುಕ್ರವಾರ

ಮ್ಯಾನೇಜರ್ ಇಬ್ಬರನ್ನೂ ಕರೆಸಿದರು.

"ಅಷ್ಟರಲ್ಲಿ ಒಂದೇ ಒಂದು ಕೆಂಪು. ಅದನ್ನ 'ಅನ್ವಯಿಸುವುದಿಲ್ಲ' ಅಂತ ಹಾಕಿ, ಮುಂದಿನ ಸಲ ನೋಡೋಣ."

ಮೇಡಂ, "ಅನ್ವಯಿಸುತ್ತೆ" ಎಂದರು.

"ಗುರುತು ಹಾಕೋದು ಇವಳು ತಾನೆ? ಹಾಕಮ್ಮ."

"ಹಾಕಲ್ಲ ಸರ್."

"ನಿಮ್ಮ ಭಾವನಿಗೆ ಈ ಕಟ್ಟಡದ ಲಿಫ್ಟ್ ಕೆಲಸ ಕೊಟ್ಟಿರೋದು ಯಾರು ಅಂತ ಗೊತ್ತಿದೆ ಅಲ್ವಾ?"

ಎಷ್ಟು ಮೆತ್ತಗೆ ಹೇಳಿದರು ಅದನ್ನು! ಹೆಡ್‌ಮಾಸ್ಟರ ದನಿಯೂ ಹೀಗೇ ಇತ್ತು, ಬೆಣ್ಣೆ ಸವರಿದ ಹಾಗೆ. ಇಂಥವರಿಗೆಲ್ಲ ಈ ದನಿಯನ್ನು ಎಲ್ಲಿ ಕಲಿಸುತ್ತಾರೆ? ತಮ್ಮ ಕೈಗೆ ಮಸಿ ಹತ್ತಬಾರದು, ಬೇರೆಯವರ ಕೈಯಲ್ಲಿ ಬರೆಸಬೇಕು, ಅದಕ್ಕೆ ಬೇರೆಯವರ ಮನೆಯವರನ್ನೇ ಮುಂದೆ ಹಿಡಿಯಬೇಕು.

"ಗೊತ್ತಿದೆ. ಹಾಕಲ್ಲ" ಎಂದೆ.

ಮನೆಯಲ್ಲಿ ಅಕ್ಕ ಬಟ್ಟೆ ಮಡಚುತ್ತಿದ್ದಳು. ನನ್ನ ಮುಖ ನೋಡಿಯೇ, "ಬಿಟ್ಟು ಬಂದ್ಯಾ? ಇದನ್ನೂ ಬಿಟ್ಟು ಬಂದ್ಯಾ?" ಎಂದಳು.

"ಇಲ್ಲ ಅಕ್ಕ. ಸೋಮವಾರ ಹೋಗ್ಬೇಕು, ಕೆಲಸ ಇದೆ."

ಮ್ಯಾನೇಜರ್ ಭಾವನ ವಿಷಯ ಎತ್ತಿದ್ದನ್ನೂ ಹೇಳಿದೆ. ಅವಳಿಗೆ ಸಿಟ್ಟು ಬಂತು. "ನಿಂದೊಂದು ಗುರುತಿಗೆ ಅವರ ಹೊಟ್ಟೆಪಾಡು ಹೋಗ್ಬೇಕಾ? ಬೇರೆಯವರು ಬರೆಯಲ್ವಾ? ನೀನು ಬರೆದ್ರೆ ಏನಾಗ್ತಿತ್ತು?"

"ಅವತ್ತೂ ಅದನ್ನೇ ಹೇಳಿದ್ರು" ಎಂದೆ. "ಯಾವತ್ತು?" ಎಂದಳು. ಹೇಳಿದೆ. ಮಾತಿನ ನಡುವೆ ಬಂತು, ಹೇಳಿಬಿಟ್ಟೆ. ಅಂಥ ದೊಡ್ಡ ವಿಷಯವೇನಲ್ಲ.

ಅಕ್ಕ ಮಡಚಿದ ಅಂಗಿಯನ್ನು ಬಿಡಿಸಿ ಮತ್ತೆ ಮಡಚಿದಳು. "ಗಣಿತ ಬರ್ತಿತ್ತಾ ನಿಂಗೆ?"

"ಬರ್ತಿತ್ತು."

"ಯಾರು ಆ ಹುಡುಗಿ?"

"ಹೇಳಲ್ಲ."

"ಹೂಂ" ಎಂದಳು. ಅಂಗಿ ಪಕ್ಕಕ್ಕಿಟ್ಟು, "ಫೋನ್ ಮಾಡು ಅವರಿಗೆ. ಪೆಟ್ಟಿಗೆ ವಿಷಯ ಹೇಳು. ನಾನೇ ಹೇಳ್ದೆ ಅನ್ನು" ಎಂದಳು.

ಫೆಬ್ರವರಿ 23, ಸೋಮವಾರ

ಶುಕ್ರವಾರ ರಾತ್ರಿಯೇ ಫೋನ್ ಮಾಡಿದ್ದೆ. ಭಾವ ಶನಿವಾರ ತಾವೇ ಪರೀಕ್ಷೆ ಮಾಡಿದರಂತೆ. ಖಾಲಿ ಲಿಫ್ಟನ್ನು ಆರನೇ ಮಹಡಿಗೆ ಕಳಿಸಿ, ಮೇನ್ ಸ್ವಿಚ್ ಇಳಿಸಿ, ಮತ್ತೆ ಏರಿಸಿದರು. ಲಿಫ್ಟು ಆರರಲ್ಲೇ ನಿಂತು ಸೊನ್ನೆ ತೋರಿಸಿತು. ನಾಲ್ಕನ್ನೂ ನೋಡಿದರು. ನಾಲ್ಕೂ ಹಾಗೇ.

ಆಮೇಲೆ ಮಾಡಿದ್ದು ಲಿಫ್ಟಿನವರ ಪದ್ಧತಿ. ಲಿಫ್ಟಿನ ಮೇಲೆ ಕೆಲಸಕ್ಕೆ ಹತ್ತುವಾಗ ಅವರು ಮೇನ್ ಸ್ವಿಚ್ ಇಳಿಸಿ, ಅದಕ್ಕೆ ತಮ್ಮ ಸ್ವಂತ ಬೀಗ ಹಾಕುತ್ತಾರೆ. ಬೀಗದ ಕೈ ಅವರ ಜೇಬಿನಲ್ಲೇ ಇರುತ್ತದೆ. ಹಾಕಿದವರೇ ತೆಗೆಯಬೇಕು. ಯಜಮಾನ ಬಂದರೂ ಸರಿ, ಇನ್ನೊಬ್ಬ ಲಿಫ್ಟಿನವನು ಆ ಬೀಗ ಮುಟ್ಟುವುದಿಲ್ಲ. ಭಾವ ನಾಲ್ಕೂ ಸ್ವಿಚ್ಚಿಗೆ ಬೀಗ ಜಡಿದು, ಕೆಳಗೆ ಬಂದು ಮೆಟ್ಟಿಲ ಮೇಲೆ ಕೂತು ಚಹಾ ಕುಡಿದರಂತೆ.

ಎಂಟು ಮಹಡಿಯ ಜನ ಈಗ ಮೆಟ್ಟಿಲು ಹತ್ತುತ್ತಿದ್ದಾರೆ. "ಬೈಗುಳ ಕೇಳ್ಬೇಕು ನೀನು" ಎಂದರು ಭಾವ. "ಒಬ್ಬಜ್ಜಿ ಪ್ರತಿ ಮಹಡೀಲೂ ನಿಂತು ಒಂದೊಂದು ಹೊಸಾದು ಬೈದ್ರು. ಒಂದೂ ಎರಡು ಸಲ ಬರ್ಲಿಲ್ಲ." ಆಮೇಲೆ ಅವರನ್ನು ಎಂಟನೇ ಮಹಡಿಯವರೆಗೂ ಭಾವನೇ ಕುರ್ಚಿಯಲ್ಲಿ ಹೊತ್ತು ಬಿಟ್ಟರಂತೆ. ಅದನ್ನು ಅಕ್ಕನಿಂದ ಕೇಳಿದ್ದು.

ಮ್ಯಾನೇಜರ್ ಫೋನು ಇಡೀ ದಿನ ಬಡಿದುಕೊಂಡಿತು. ಸಂಜೆಗೆ ಮೇಡಂಗೆ ಸಮಯ ಸಿಕ್ಕಿತು. ಎಷ್ಟು ಬೇಕೋ ಅಷ್ಟು ತಗೊಳ್ಳಿ ಎಂದರು ಆ ಮಹಾನುಭಾವರು. ತಪ್ಪು ಅರಿವಾಗಿ ಅಲ್ಲ, ಕಿವಿ ನೋವಾಗಿ. ಈ ಕಟ್ಟಡದ ಲಿಫ್ಟಿಗೆ ಮುಂದಿನ ತಿಂಗಳಿಂದ ಬೇರೆಯವರು ಬರುತ್ತಾರೆ ಎಂದೂ ಅದೇ ಉಸಿರಿನಲ್ಲಿ ಹೇಳಿದರು. ನ್ಯಾಯ ಅಂದರೆ ಇಷ್ಟು! ಸುಳ್ಳು ಕಳಿಸಿದವನು ಕುರ್ಚಿಯಲ್ಲಿ, ಬೀಗ ಹಾಕಿದವರು ಹೊರಗೆ. ಭಾವನಿಗೆ ಹೇಳಿದರೆ, "ಹೋಗ್ಲಿ ಬಿಡು, ಆ ಲಿಫ್ಟಿಗೂ ವಯಸ್ಸಾಗಿತ್ತು" ಎಂದರು. ದನಿ ಸಣ್ಣದಾಗಿತ್ತು.

ಫೆಬ್ರವರಿ 26, ಗುರುವಾರ

ಮೇಡಂಗೆ ತಪ್ಪು ಸಿಕ್ಕಿತು. ಲಿಫ್ಟು ಯಾವ ಮಹಡಿಯಲ್ಲಿದೆ ಎಂದು ಬರೆದದ್ದನ್ನು ಹೊಸ ಪ್ರೊಸೆಸರ್ ಕಾರ್ಡಿಗೆ ಮುಟ್ಟಿಸದೆಯೇ "ಆಯಿತು" ಎನ್ನುತ್ತಿತ್ತಂತೆ. ಕರೆಂಟು ಹೋದರೆ ಬರೆದದ್ದೂ ಹೋಯಿತು. ತಿದ್ದಿದರು. ನಾನು ಓಡಿಸಿದೆ. ಕೆಂಪು. ಮತ್ತೆ ತಿದ್ದಿದರು. ಹಸಿರು. ನಾನು ನಂಬಲಿಲ್ಲ. ಪ್ಲಗ್ಗು ಕಿತ್ತು ಓಡಿಸಿದೆ, ಸ್ಕ್ರಿಪ್ಟು ನಿಂತು ಕೂಗಿತು. ಆಮೇಲೆ ನಂಬಿದೆ.

ಕೆಟಲಿಗೆ ಬೇರೆ ಪ್ಲಗ್ಗು ಪಾಯಿಂಟ್ ಹಾಕಿಸಿ ಎಂದು ಮ್ಯಾನೇಜರ್‌ಗೆ ಹೇಳಿದೆ. ಅವರು ಫೋನ್ ಎತ್ತಿಕೊಂಡರು. ನಾಳೆ ಮತ್ತೆ ಹೇಳುತ್ತೇನೆ.

ಫೆಬ್ರವರಿ 27, ಶುಕ್ರವಾರ

ಪ್ಲಗ್ಗು ಪಾಯಿಂಟ್ ಇವತ್ತೂ ಆಗಲಿಲ್ಲ. ಕೆಟಲನ್ನು ಮ್ಯಾನೇಜರ್ ಮೇಜಿನ ಮೇಲಿಟ್ಟು ಬಂದೆ.

ನದಿಯಾಚೆಯ ನಾಲ್ಕು ಪೆಟ್ಟಿಗೆಗಳಿಗೆ ಹೊಸ ಕಾರ್ಡು ಹಾಕಿ, ಅಲ್ಲೇ ಟೆಸ್ಟು ಓಡಿಸಿ, ಪ್ರತಿ ಮಹಡಿಯಲ್ಲೂ ಕರೆಂಟು ಇಳಿಸಿ ಏರಿಸಿ ನೋಡಬೇಕು. ಹೋಗುವವರು ಯಾರು ಎಂದಾಗ ಮೇಡಂ ನನ್ನ ಕಡೆ ಕೈ ತೋರಿಸಿದರು. ಮ್ಯಾನೇಜರ್ ಮುಖ ಹಿಂಡಿದರು. ಮಾರ್ಚ್ ಆದ ಮೇಲೆ ನನ್ನನ್ನು ಇಟ್ಟುಕೊಳ್ಳುತ್ತಾರೋ ಇಲ್ಲವೋ "ನೋಡೋಣ" ಅಂತೆ. ನೋಡಲಿ. ಕೆಂಪನ್ನು ಹಸಿರು ಎಂದು ಬರೆಯುವವರು ಬೇಕಾದರೆ ಊರ ತುಂಬ ಸಿಗುತ್ತಾರೆ. ನಾನು ಎದ್ದು ಹೋಗುವುದಿಲ್ಲ. ಬೇಕಾದರೆ ಅವರೇ ಎಬ್ಬಿಸಲಿ.

ಭಾವ ಫೋನ್ ಮಾಡಿದ್ದರು. "ಬರೋವಾಗ ನಿಂದೊಂದು ಬೀಗ ತಗೊಂಡು ಬಾ."

"ನಿಮ್ಮದು ಇದೆಯಲ್ಲ ಭಾವ?"

"ನಂದು ನನ್ನ ಕೆಲಸಕ್ಕೆ. ನೀನು ಕೆಲಸ ಮಾಡೋವಾಗ ನಿಂದೂ ಬೀಳ್ಬೇಕು. ನಾನು ತೆಗೆದ್ರೂ ನೀನು ಸರಿ ಅನ್ನೋವರೆಗೂ ಲಿಫ್ಟ್ ಏಳ್ಬಾರ್ದು. ಹಾಂ, ಎಂಟು ಮಹಡಿ, ನಾಲ್ಕು ಲಿಫ್ಟು, ಒಟ್ಟು ಎಷ್ಟು ಸಲ ಆಯ್ತು ಲೆಕ್ಕ ಹಾಕ್ಕೊಂಡೇ ಬಾ. ಗಣಿತ ಬರುತ್ತಂತಲ್ಲ ನಿಂಗೆ."

ಅಕ್ಕ ಹೇಳಿಬಿಟ್ಟಿದ್ದಾಳೆ.

ಸಂಜೆ ಅಕ್ಕನೂ ನಾನೂ ಅಂಗಡಿಗೆ ಹೋಗಿ ಬೀಗ ತಂದೆವು. ಹಿತ್ತಾಳೆಯದು, ಚಿಕ್ಕದು, ತೂಕ ಇದೆ. ಅಕ್ಕ ಅದರ ಕೈಯನ್ನು ಕೆಂಪು ದಾರಕ್ಕೆ ಕಟ್ಟಿ ಕೊಟ್ಟಳು. ಕಾರ್ಡುಗಳು, ಕೇಬಲ್ಲು, ಎರಡು ಜೊತೆ ಬಟ್ಟೆ ಚೀಲದಲ್ಲಿವೆ.

ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಡುತ್ತೇನೆ.